ಶಾಲು ಹೊದೆಸುವ ಮೊದಲು

ಮೇ 31ರ ಸಂಜೆ ಮಂಗಳೂರಿನ ಸರಕಾರಿ ಕಚೇರಿಗಳಲ್ಲಿ, ಶಾಲೆಗಳಲ್ಲಿ ಬೀಳ್ಕೊಡುಗೆಯ ಸುಗ್ಗಿ. ಹಿಂದೆ ಮಕ್ಕಳನ್ನು ಒಂದನೇ ಕ್ಲಾಸಿಗೆ ಸೇರಿಸಲು ಬಂದ ಅಪ್ಪ ಅಮ್ಮನಿಗೆ ಹುಟ್ಟಿದ ತಾರೀಕು ನೆನಪಿಲ್ಲದಿದ್ದರೆ ಹೆಡ್ಮಾಸ್ಟ್ರು ತಾವೇ ಒಂದನ್ನು ಬರೆದುಬಿಡುತ್ತಿದ್ದರು. ಶಾಲೆ ಶುರುವಾಗುವ ಜೂನ್ ತಿಂಗಳ 1ನೇ ತಾರೀಕು ಅವರಿಗೆ ಅನುಕೂಲ. ತಿಂಗಳ ಮೊದಲ ದಿನ ಹುಟ್ಟಿದವರು ಹಿಂದಿನ ತಿಂಗಳ ಕೊನೆಯ ದಿನವೇ ನಿವೃತ್ತರಾಗಬೇಕೆಂಬುದು ಸರಕಾರದ ನಿಯಮ. ಹಾಗಾಗಿ ಆ ಮಕ್ಕಳಿಗೆ ಅರುವತ್ತು ತುಂಬುವಾಗ, ಆ ಹೆಡ್ಮಾಸ್ಟ್ರ ಅನುಕೂಲದ ಫಲವಾಗಿ, ಒಂದೇ ಸಂಜೆ ಅಷ್ಟೊಂದು ಹೆಗಲುಗಳಿಗೆ ಶಾಲು ಏರುತ್ತದೆ.

ಸಭೆಯ ಕ್ರಮ ಎಲ್ಲರಿಗೂ ಬಾಯಿಪಾಠ. ಪ್ರಾರ್ಥನೆ, ಸ್ವಾಗತ, ಅಭಿನಂದನಾ ಭಾಷಣ, ಸನ್ಮಾನಪತ್ರದ ವಾಚನ, ಆಮೇಲೆ ಶಾಲು, ಹಾರ, ಪೇಟ, ಹಣ್ಣಿನ ಬುಟ್ಟಿ, ಸ್ಮರಣಿಕೆ. ನಿವೃತ್ತರಾಗುವವರು ಗಂಟಲು ಕಟ್ಟಿ ನಾಲ್ಕು ಮಾತಾಡುತ್ತಾರೆ. ವಂದನಾರ್ಪಣೆ ಮುಗಿಯುವಷ್ಟರಲ್ಲಿ ಹಿಂದಿನ ಸಾಲಿನವರು ಚಹಾದ ಕಡೆ ನಡೆದಿರುತ್ತಾರೆ. ಸನ್ಮಾನಪತ್ರ ಎಂಬ ಗದ್ಯಪ್ರಕಾರವನ್ನು ನಮ್ಮ ವಿಮರ್ಶಕರು ಯಾಕೆ ಮುಟ್ಟಲಿಲ್ಲವೋ ತಿಳಿಯದು. ಅದರಲ್ಲಿ ಬರುವ ಪ್ರತಿಯೊಬ್ಬರೂ ಸರಳ ಸಜ್ಜನರು, ಅಜಾತಶತ್ರುಗಳು, ಎಲೆಮರೆಯ ಕಾಯಿಗಳು. ಹೆಸರೊಂದನ್ನು ಬದಲಿಸಿದರೆ ಆರೋಗ್ಯ ಇಲಾಖೆಯ ಪತ್ರ ಕಂದಾಯ ಇಲಾಖೆಗೂ ಸಲ್ಲುತ್ತದೆ. ಆ ಮನುಷ್ಯ ಮೂವತ್ತು ವರ್ಷದಲ್ಲಿ ನಿಜವಾಗಿ ಮಾಡಿದ ಕೆಲಸವೇನು, ಯಾವ ಕಡತವನ್ನು ಹುಡುಕಿ ತೆಗೆದು ಯಾರ ಪಿಂಚಣಿ ಉಳಿಸಿದರು ಎಂಬ ಒಂದು ವಾಕ್ಯ ಅದರಲ್ಲಿ ಸಿಕ್ಕಿದರೆ ಪುಣ್ಯ.

ವಂದನಾರ್ಪಣೆಯೂ ಹಾಗೆಯೇ. ಸಾಮಾನ್ಯವಾಗಿ ಅದು ಕಚೇರಿಯ ಕಿರಿಯರ ಪಾಲಿಗೆ ಬರುವ ಕೆಲಸ. ಪಟ್ಟಿ ಮೇಲಿನಿಂದ ಕೆಳಗೆ ಇಳಿಯುತ್ತದೆ: ಅಧ್ಯಕ್ಷರು, ಮುಖ್ಯ ಅತಿಥಿಗಳು, ಪತ್ರಿಕೆಯವರು, ಧ್ವನಿವರ್ಧಕದವರು. ಕೊನೆಗೆ "ಪ್ರತ್ಯಕ್ಷವಾಗಿ ಹಾಗೂ ಪರೋಕ್ಷವಾಗಿ ಸಹಕರಿಸಿದ ಎಲ್ಲರಿಗೂ". ಎರಡು ದಿನ ಕುರ್ಚಿ ಹೊತ್ತವರು, ನಿವೃತ್ತರಾಗುವವರ ಹೆಂಡತಿಗೆ ಫೋನು ಮಾಡಿ ಹಳೆಯ ಫೋಟೊ ತರಿಸಿದವರು, ಉಡುಗೊರೆಗೆ ತಲಾ ಇನ್ನೂರು ಎತ್ತಿದವರು ಆ ಒಂದು ಸಾಲಿನ ಒಳಗೆ ಬೀಳುತ್ತಾರೆ. ಸಹೋದ್ಯೋಗಿಗಳಿಗೆ ಸಲ್ಲುವ ಕೃತಜ್ಞತೆಯ ಸ್ಥಿತಿ ಈ ಊರಿನಲ್ಲಿ ಹೇಗಿದೆ ಎಂದು ಯಾರಾದರೂ ಕೇಳಿದರೆ ಆ ಸಾಲನ್ನೇ ತೋರಿಸಬಹುದು.

ಸರಕಾರಕ್ಕೂ ಈ ಆಡಂಬರ ಸಾಕಾಗಿತ್ತು. 2021ರ ಆಗಸ್ಟ್‌ನಲ್ಲಿ ಬಸವರಾಜ ಬೊಮ್ಮಾಯಿಯವರ ಸರಕಾರ ಸರಕಾರಿ ಸಭೆ ಸಮಾರಂಭಗಳಲ್ಲಿ ಹಾರ, ತುರಾಯಿ, ಹಣ್ಣಿನ ಬುಟ್ಟಿ, ಶಾಲು, ಸ್ಮರಣಿಕೆ ಕೊಡಬಾರದು, ಬೇಕಿದ್ದರೆ ಕನ್ನಡ ಪುಸ್ತಕ ಕೊಡಿ ಎಂದಿತು. 2023ರ ಮೇ ತಿಂಗಳಲ್ಲಿ ಮುಖ್ಯಮಂತ್ರಿಯಾದ ಸಿದ್ದರಾಮಯ್ಯನವರು ತಮಗೂ ಹಾರ ಶಾಲು ಬೇಡ, ಪುಸ್ತಕ ಸಾಕು ಎಂದರು. ಶಾಲು ಈ ಎರಡೂ ಸೂಚನೆಗಳನ್ನು ದಾಟಿ ಬಂದಿದೆ. ಅದಕ್ಕೆ ಜನರ ದುಂದುಗಾರಿಕೆಯೊಂದೇ ಕಾರಣವೆಂದು ನಾನು ಹೇಳಲಾರೆ. ವರ್ಷಗಟ್ಟಲೆ ಹೇಳದೆ ಉಳಿದದ್ದನ್ನು ಒಂದೇ ಸಂಜೆ ಹೇಳಬೇಕಾದಾಗ ಮಾತು ಸಾಲದು, ಬಟ್ಟೆ ಬೇಕಾಗುತ್ತದೆ.

ಮಂಗಳೂರಿಗರು ಉಪಕಾರ ಮರೆಯುವ ಜನ ಎಂದು ಹೊರಗಿನವರೂ ಹೇಳಿದ್ದಿಲ್ಲ. ಇಲ್ಲಿನ ಕಚೇರಿ, ಆಸ್ಪತ್ರೆ, ಕಾರ್ಖಾನೆಗಳಲ್ಲಿ ಕೃತಜ್ಞತೆಗೆ ಬರವಿಲ್ಲ. ನನ್ನ ತಕರಾರು ಇರುವುದು ಅದರ ದಾರಿಯ ಬಗ್ಗೆ ಮತ್ತು ಸಮಯದ ಬಗ್ಗೆ. ಅದು ಮೇಲಕ್ಕೆ ಬೇಗ ಏರುತ್ತದೆ, ಪಕ್ಕದ ಮೇಜಿಗೆ ನಿಧಾನವಾಗಿ ತಲುಪುತ್ತದೆ, ಕೆಳಗೆ ಇಳಿಯುವಾಗ ದಾರಿ ತಪ್ಪುತ್ತದೆ. ಬರುವುದೂ ಕೆಲಸ ಮುಗಿದ ಮೇಲೆ.

ಮೊದಲು ಎದುರಾಗುವ ವಾದ ಹಳೆಯದು: ನಮ್ಮಲ್ಲಿ ಥ್ಯಾಂಕ್ಸ್ ಹೇಳುವ ಕ್ರಮವೇ ಇಲ್ಲ, ಅದು ಇಂಗ್ಲಿಷಿನವರಿಂದ ಬಂದ ಶಿಷ್ಟಾಚಾರ. ಕಚೇರಿಯಲ್ಲಿ ಹೇಳಿ ನೋಡಿ, "ಎಂತ ಮಾರಾಯ್ರೆ, ಥ್ಯಾಂಕ್ಸ್ ಎಲ್ಲ ಎಂತಕ್ಕೆ?" ಎಂಬ ಉತ್ತರ ಬರುತ್ತದೆ. ಅದರಲ್ಲಿ ಪ್ರೀತಿಯೂ ಇದೆ, ಚೂರು ಮುನಿಸೂ ಇದೆ. ಥ್ಯಾಂಕ್ಸ್ ಹೇಳಿದರೆ ಲೆಕ್ಕ ಚುಕ್ತಾ ಮಾಡಿದ ಹಾಗೆ, ನಂಟು ಮುಗಿಸಿದ ಹಾಗೆ ಎಂಬ ಭಾವನೆ. ಇದು ನಮ್ಮೂರಿನ ವಿಶೇಷವೇನಲ್ಲ. ಸಿಮಿಯನ್ ಫ್ಲಾಯ್ಡ್ ಮತ್ತು ಸಂಗಡಿಗರು ಐದು ಖಂಡಗಳ ಎಂಟು ಭಾಷೆಗಳಲ್ಲಿ ಜನ ಮನೆಯಲ್ಲಿ, ನೆರೆಯಲ್ಲಿ ದಿನನಿತ್ಯ ಒಬ್ಬರನ್ನೊಬ್ಬರು ನೆರವು ಕೇಳುವ ಪ್ರಸಂಗಗಳನ್ನು ವೀಡಿಯೊ ಮಾಡಿ 2018ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಕೇಳಿದ ನೆರವು ಸಿಕ್ಕ ಮೇಲೆ ಬಾಯಿಬಿಟ್ಟು ವಂದನೆ ಹೇಳುವುದು ಸರಾಸರಿ ಇಪ್ಪತ್ತರಲ್ಲಿ ಒಂದು ಸಲ ಮಾತ್ರ. ಇಂಗ್ಲಿಷ್ ಮತ್ತು ಇಟಾಲಿಯನ್ ಮಾತಾಡುವವರಲ್ಲಿ ಸ್ವಲ್ಪ ಹೆಚ್ಚು, ಅಲ್ಲಿಯೂ ಏಳರಲ್ಲಿ ಒಂದರ ಆಸುಪಾಸು. ಆ ಎಂಟರಲ್ಲಿ ನಮ್ಮ ದೇಶದ ಒಂದು ಭಾಷೆಯೂ ಇರಲಿಲ್ಲ. ಆದರೂ ಫಲಿತಾಂಶ ಕೇಳಿದ ತುಳುವರಾಗಲಿ ಬ್ಯಾರಿಗಳಾಗಲಿ ಅಚ್ಚರಿಪಡುವಂತಿಲ್ಲ. ತಟ್ಟೆ ಈಚೆ ಕೊಡು ಎಂದ ತಮ್ಮನಿಗೆ ಅಕ್ಕ ತಟ್ಟೆ ಕೊಡುತ್ತಾಳೆ, ಅಷ್ಟೆ. ನಾಳೆ ಅವನೂ ಕೊಡುತ್ತಾನೆ.

ಈ ಮೌನ ಕೆಲಸ ಮಾಡುವುದು ನಾಳೆ ಎಂಬುದೊಂದು ಇರುವ ಕಡೆ. ಗದ್ದೆಯ ಕಾಲದ ಮುಯ್ಯಾಳಿನ ಪದ್ಧತಿಯಲ್ಲಿ ಇವತ್ತು ನಿಮ್ಮ ನಾಟಿಗೆ ಬಂದವರ ನಾಟಿಗೆ ನೀವು ಹೋಗದಿದ್ದರೆ ಊರಿಗೆಲ್ಲ ಗೊತ್ತಾಗುತ್ತಿತ್ತು. ಬೀಡಿ ಕಟ್ಟುವ ಹೆಂಗಸರಲ್ಲಿ ಆ ಲೆಕ್ಕದ ಒಂದು ರೂಪ ಉಳಿದುಕೊಂಡಿದೆ. ಜ್ವರ ಬಂದು ಸಾವಿರ ತುಂಬದವಳಿಗೆ ನೆರೆಯವಳು ಕೂತು ಒಂದಷ್ಟು ಕಟ್ಟಿಕೊಡುತ್ತಾಳೆ, ಬ್ರಾಂಚಿಗೆ ಒಯ್ಯುವ ದಿನ ಲೆಕ್ಕ ಸರಿಯಾಗುತ್ತದೆ. ಮೀನುಗಾರಿಕೆಯ ಧಕ್ಕೆಯಲ್ಲಿ ಬೋಟಿನವರು ಪಾಲು ಹಂಚಿಕೊಳ್ಳುವ ಮೊದಲು ಎಲ್ಲರ ಮನೆಯ ಪದಾರ್ಥಕ್ಕೆ ಮೀನು ತೆಗೆದಿಡುತ್ತಾರೆ. ಇವೆಲ್ಲ ಬಾಯಿಲ್ಲದ ವಂದನೆಗಳು, ಚೆನ್ನಾಗಿಯೇ ನಡೆಯುತ್ತವೆ. ಆದರೆ ಕಚೇರಿಯಲ್ಲಿ ಎರಡು ವರ್ಷಕ್ಕೆ ವರ್ಗ. ಐಟಿ ಕಂಪನಿಯಲ್ಲಿ ನಿಮ್ಮ ತಂಡದ ಒಬ್ಬ ಪುಣೆಯಲ್ಲಿದ್ದಾನೆ, ಇನ್ನೊಬ್ಬಳು ಪೋಲೆಂಡಿನಲ್ಲಿ. ಅವಳಿಗೆ ನಿಮ್ಮ ಮನೆಯ ಮೀನು ತಲುಪುವುದಿಲ್ಲ. ಮೌನದಲ್ಲಿ ಋಣ ಇಟ್ಟುಕೊಳ್ಳುವ ಹಳೆಯ ಕ್ರಮವನ್ನು ಮರುಪಾವತಿಯೇ ಸಾಧ್ಯವಿಲ್ಲದ ಕಡೆಗೂ ಒಯ್ದದ್ದರಿಂದ ಋಣ ಹಾಗೆಯೇ ಉಳಿಯಿತು. ಇದನ್ನು ಸಂಸ್ಕೃತಿ ಎಂದು ಕರೆದು ಸಮಾಧಾನ ಮಾಡಿಕೊಳ್ಳುವುದು ಸೋಮಾರಿತನ.

ಹಾಗೆಂದು ಇಲ್ಲಿನ ಸಂಪ್ರದಾಯಕ್ಕೆ ಹೆಸರು ಹಿಡಿದು ಗುರುತಿಸುವ ಕ್ರಮ ಗೊತ್ತಿಲ್ಲವೆಂದೂ ಅಲ್ಲ. ದೈವಾರಾಧನೆಯ ನೇಮದಲ್ಲಿ ದೈವ ಬೂಳ್ಯ ಕೊಡುವುದನ್ನು ನೋಡಿದವರಿಗೆ ಗೊತ್ತು: ಗುತ್ತು ಬರ್ಕೆ ಮನೆತನಗಳವರನ್ನು, ಚಾಕರಿಯವರನ್ನು ಕರೆದು, ಎಲ್ಲರ ಎದುರು, ವೀಳ್ಯದೆಲೆ ಅಡಿಕೆ ಕೈಗಿಡುವುದು. ಕರೆಯುವ ಕ್ರಮದಲ್ಲಿ ಹೆಚ್ಚುಕಮ್ಮಿಯಾದರೆ ಮನಸ್ತಾಪ ವರ್ಷಗಟ್ಟಲೆ ಉಳಿಯುತ್ತದೆ. ಆ ಕ್ರಮದಲ್ಲಿ ಜಾತಿಯ ಮೆಟ್ಟಿಲುಗಳೂ ಇವೆ, ಅದನ್ನು ಮರೆಮಾಚಬೇಕಾಗಿಲ್ಲ. ಆದರೂ ನಿನ್ನ ಚಾಕರಿ ಸಂದಿದೆ ಎಂದು ಮುಖ ನೋಡಿ ಹೇಳುವುದರ ಬೆಲೆ ಎಷ್ಟೆಂದು ಈ ನೆಲಕ್ಕೆ ಗೊತ್ತಿತ್ತು ಎನ್ನಲು ಇದಕ್ಕಿಂತ ಬೇರೆ ಸಾಕ್ಷಿ ಬೇಡ. ಯಕ್ಷಗಾನದ ಚೌಕಿಯಲ್ಲೂ ವೇಷ ಕಟ್ಟಿದವರು ಗಣಪತಿಗೆ ವಂದಿಸಿಯೇ ರಂಗಕ್ಕೆ ಹೋಗುವುದು. ಅಲ್ಲಿ ವಂದನೆ ಕೆಲಸದ ಮೊದಲೇ ಸಲ್ಲುತ್ತದೆ. (ಆಟದ ನಡುವೆ ಪ್ರಸಂಗ ನಿಲ್ಲಿಸಿ ಅರ್ಧ ಗಂಟೆ ಪ್ರಾಯೋಜಕರಿಗೆ ಸನ್ಮಾನ ಮಾಡುವ ಈಚಿನ ರೋಗದ ಬಗ್ಗೆ ಬೇರೆಯೇ ಬರೆಯಬೇಕು.)

ಮೇಲ್ಮುಖದ ಕೃತಜ್ಞತೆಗೆ ಈ ಊರಿನಲ್ಲಿ ಕಾರ್ಖಾನೆಯಷ್ಟೇ ವಯಸ್ಸು. ಬಾಸೆಲ್ ಮಿಷನ್ ಇಲ್ಲಿಗೆ ಬಂದದ್ದು 1834ರಲ್ಲಿ. ಜಾರ್ಜ್ ಪ್ಲೆಬ್ಸ್ಟ್ ನೇತ್ರಾವತಿಯ ಮಣ್ಣಿನಿಂದ ಹೆಂಚು ಸುಡುವ ಕಾರ್ಖಾನೆ ಶುರು ಮಾಡಿದ್ದು 1865ರಲ್ಲಿ. ಮತಾಂತರವಾಗಿ ಜಾತಿಯ ಕಸುಬು, ಮನೆ, ನೆಂಟರನ್ನು ಕಳೆದುಕೊಂಡವರಿಗೆ ಮಿಷನ್ ಕೆಲಸ ಕೊಟ್ಟಿತು, ವಸತಿ ಕೊಟ್ಟಿತು, ಉಳಿತಾಯದ ಅಭ್ಯಾಸ ಮಾಡಿಸಿತು. ಉಪಕಾರ ದೊಡ್ಡದೇ. ಆದರೆ ದಣಿಯೇ ಪಾದ್ರಿಯೂ ಮನೆಯೊಡೆಯನೂ ಆದ ಕಡೆ ಕೃತಜ್ಞತೆ ಶಿಸ್ತಿನ ಭಾಗವಾಗುತ್ತದೆ, ಕೂಲಿ ಹೆಚ್ಚು ಕೇಳುವುದು ಕೃತಘ್ನತೆಯಾಗಿ ಕಾಣುತ್ತದೆ. ಮಂಗಳೂರು ಹೆಂಚಿನ ಬೆನ್ನ ಮೇಲೆ ಕಾರ್ಖಾನೆಯ ಹೆಸರಿದೆ, ಇಸವಿಯಿದೆ. ಆವೆಯ ಬಿಸಿಗೆ ನಿಂತವರ ಹೆಸರು ಎಲ್ಲೂ ಇಲ್ಲ. ಮಿಷನ್ನಿನ ಬಲ್ಮಠದ ಮುದ್ರಣಾಲಯದಲ್ಲಿ 1894ರಲ್ಲಿ ಅಚ್ಚಾದ ಕನ್ನಡ ಇಂಗ್ಲಿಷ್ ಕೋಶವನ್ನು ನಾವು ಇವತ್ತಿಗೂ ಕಿಟ್ಟೆಲ್ ಎಂದೇ ಕರೆಯುತ್ತೇವೆ, ನ್ಯಾಯವೇ. ಸುಮಾರು ಎಪ್ಪತ್ತು ಸಾವಿರ ಪದಗಳಿಗೆ ಎರಡು ಲಿಪಿಗಳ ಮೊಳೆಗಳನ್ನು ಒಂದೊಂದಾಗಿ ಜೋಡಿಸಿದವರು ನಮ್ಮ ಬಾಯಲ್ಲಿ ಉಳಿಯಲಿಲ್ಲ.

ಆಯುಧಪೂಜೆಯ ದಿನ ಗ್ಯಾರೇಜು, ಪ್ರೆಸ್ಸು, ಬಸ್ಸುಗಳಿಗೆ ಹೋಗಿ ನೋಡಿ. ಲೇತ್ ಯಂತ್ರಕ್ಕೆ ಸೇವಂತಿಗೆ ಹಾರ, ಸ್ಪ್ಯಾನರಿಗೆ ಕುಂಕುಮ, ಎಲ್ಲರಿಗೂ ಪಂಚಕಜ್ಜಾಯ. ಒಳ್ಳೆಯ ದಣಿಗಳಿದ್ದರೆ ಕೆಲಸದವರಿಗೆ ಒಂದು ಜೊತೆ ಬಟ್ಟೆ, ಲಕೋಟೆಯಲ್ಲಿ ಹಣ. ವರ್ಷಕ್ಕೊಮ್ಮೆಯಾದರೂ ಉಪಕರಣಕ್ಕೆ ಕೈಮುಗಿಯುವ ಈ ಹಬ್ಬ ನನಗಿಷ್ಟ. ಡ್ರೈವರ್ ಬಸ್ಸಿಗೆ ಕೈಮುಗಿಯುತ್ತಾನೆ. ಡ್ರೈವರನೂ ಕಂಡಕ್ಟರನೂ ಒಬ್ಬರಿಗೊಬ್ಬರು ಹೇಳುವುದು ಮಾತ್ರ ಸ್ಟೇಟ್‌ಬ್ಯಾಂಕ್ ಬಸ್ ನಿಲ್ದಾಣದಿಂದ ಹೊರಡುವಾಗಿನ "ರೈಟ್, ಪೋಯಿ". ದಿನವಿಡೀ ಎರಡು ನಿಮಿಷದ ಟೈಮಿಂಗ್‌ಗಾಗಿ ಒಟ್ಟಿಗೆ ಬೈಸಿಕೊಂಡವರಿಗೆ ಅಷ್ಟೇ ಸಾಕಾಗುತ್ತದೋ ಏನೋ.

ಹೇಳಿದರೆ ಏನಾದರೂ ಉಪಯೋಗವಿದೆಯೇ ಎಂದು ಕೇಳುವವರಿಗೆ ಈಚಿನ ಮನಶ್ಶಾಸ್ತ್ರದಲ್ಲಿ ಉತ್ತರಗಳಿವೆ. ಆಡಂ ಗ್ರಾಂಟ್ ಮತ್ತು ಫ್ರಾಂಚೆಸ್ಕಾ ಜೀನೊ 2010ರಲ್ಲಿ ಪ್ರಕಟಿಸಿದ ಪ್ರಯೋಗಗಳು ಬಹಳ ಪ್ರಸಿದ್ಧ. ಅಮೆರಿಕದ ವಿಶ್ವವಿದ್ಯಾಲಯವೊಂದಕ್ಕೆ ಫೋನು ಮಾಡಿ ದೇಣಿಗೆ ಎತ್ತುವ 41 ಮಂದಿಯಲ್ಲಿ ಅರ್ಧದಷ್ಟು ಜನರ ಬಳಿಗೆ ವಿಭಾಗದ ಮುಖ್ಯಸ್ಥರು ಬಂದು, ನಿಮ್ಮ ದುಡಿಮೆಗೆ ನಾವು ಋಣಿ ಎಂದು ಹೇಳಿ ಹೋದರು. ಮುಂದಿನ ವಾರ ಅವರು ಮಾಡಿದ ಕರೆಗಳು ಶೇ. 50ಕ್ಕಿಂತ ಹೆಚ್ಚಾದವು. ಉಳಿದವರದು ಇದ್ದಲ್ಲೇ ಇತ್ತು. ಎಲ್ಲರ ಸಂಬಳವೂ ನಿಗದಿತ, ಹೆಚ್ಚು ಕರೆ ಮಾಡಿದರೆ ಹೆಚ್ಚು ಹಣವೇನೂ ಇರಲಿಲ್ಲ. ಇನ್ನೊಂದು ಪ್ರಯೋಗ ನಮ್ಮ ವಿಷಯಕ್ಕೆ ಇನ್ನೂ ಹತ್ತಿರದ್ದು. ವಿದ್ಯಾರ್ಥಿಯೊಬ್ಬನ ಅರ್ಜಿಯನ್ನು ತಿದ್ದಿಕೊಟ್ಟವರಿಗೆ ಅವನಿಂದ ವಂದನೆ ಬಂದರೆ, ಮುಂದೆ ಬೇರೊಬ್ಬ ಅಪರಿಚಿತ ಕೇಳಿದಾಗ ನೆರವಾದವರು ಶೇ. 55. ವಂದನೆ ಬಾರದಿದ್ದಾಗ ಶೇ. 25. ಒಬ್ಬ ಸಹೋದ್ಯೋಗಿಯ ನೆರವನ್ನು ನೀವು ನುಂಗಿಕೊಂಡರೆ ಅದರ ನಷ್ಟ ತಟ್ಟುವುದು ನಿಮಗೊಬ್ಬರಿಗೇ ಅಲ್ಲ, ನಿಮ್ಮ ಹಿಂದೆ ಕ್ಯೂನಲ್ಲಿರುವ ಮೂರನೆಯವನಿಗೂ ಎಂದು ಇದರ ಅರ್ಥ.

ಹಾಗಿದ್ದರೆ ನಾವು ಹೇಳುವುದಿಲ್ಲ ಯಾಕೆ? ಅಮಿತ್ ಕುಮಾರ್ ಮತ್ತು ನಿಕೊಲಸ್ ಎಪ್ಲಿ 2018ರಲ್ಲಿ ಇದನ್ನು ಪರೀಕ್ಷಿಸಿದರು. ತಮಗೆ ಉಪಕಾರ ಮಾಡಿದವರಿಗೆ ಪತ್ರ ಬರೆಯಲು ಜನರಿಗೆ ಹೇಳಿ, ಓದಿದವರಿಗೆ ಹೇಗನಿಸೀತು ಎಂದು ಊಹಿಸಲು ಕೇಳಿದರು. ಬರೆದವರು ಮುಜುಗರವನ್ನು ಇದ್ದದ್ದಕ್ಕಿಂತ ಹೆಚ್ಚೆಂದು ಎಣಿಸಿದ್ದರು, ಸಂತೋಷವನ್ನು ಕಡಿಮೆಯೆಂದು. ಮಾತು ಸರಿಯಾಗಿ ಬಂದೀತೇ, ನಾಟಕ ಅನಿಸೀತೇ ಎಂದು ಅವರು ಚಿಂತಿಸುತ್ತಿದ್ದರೆ, ಓದಿದವರಿಗೆ ಬೇಕಿದ್ದದ್ದು ಮಾತಿನ ಬೆಚ್ಚನೆ ಮಾತ್ರ. ಕರಾವಳಿಯ ಕಚೇರಿಗಳಲ್ಲಿ ಈ ಅಂಜಿಕೆಗೆ ಇನ್ನೊಂದು ಪದರ ಇದೆ: ಎದುರಿಗೇ ಹೊಗಳಿದರೆ "ಎಂತದೋ ಕೆಲಸ ಆಗಬೇಕು ಇವನಿಗೆ" ಎಂದು ತಿಳಿದುಕೊಳ್ಳುತ್ತಾರೆ ಎಂಬ ಭಯ. ಆ ಭಯ ಪೂರ್ತಿ ನಿರಾಧಾರವಲ್ಲ. ಪಾಶ್ಚಾತ್ಯ ಪ್ರಯೋಗಗಳನ್ನು ಇಲ್ಲಿಗೆ ಎತ್ತಿ ತಂದು ವರ್ಕ್‌ಶಾಪ್ ನಡೆಸುವ ತರಬೇತುದಾರರು ಇದನ್ನು ಲೆಕ್ಕಕ್ಕೆ ಹಿಡಿಯುವುದು ಕಡಿಮೆ.

ಇನ್ನು ಆ್ಯಪಿನ ಕಾಲ. ದೊಡ್ಡ ಕಂಪನಿಗಳಲ್ಲಿ ಸಹೋದ್ಯೋಗಿಗೆ ವಂದನೆ ಕಳಿಸಲು ಪೋರ್ಟಲ್ ಇದೆ, ಪಾಯಿಂಟ್ಸ್ ಇದೆ, ಪಾಯಿಂಟ್ಸಿಗೆ ವೋಚರ್ ಇದೆ. ಮ್ಯಾನೇಜರಿಗೆ ತ್ರೈಮಾಸಿಕಕ್ಕೆ ಇಂತಿಷ್ಟು ಎಂಬ ಗುರಿ ಬಂದ ದಿನದಿಂದ ಅದೂ ಸನ್ಮಾನಪತ್ರದ ಹಾದಿ ಹಿಡಿಯುತ್ತದೆ. ವಾಟ್ಸಾಪ್ ಗುಂಪಿನ ಚಪ್ಪಾಳೆಗಳ ಬಗ್ಗೆ ಹೇಳುವುದು ಹೆಚ್ಚೇನಿಲ್ಲ, "ವೆಲ್‌ಡನ್ ಟೀಮ್" ಒಂದನ್ನು ಬಿಟ್ಟರೆ. ರಾತ್ರಿ ಹನ್ನೊಂದರ ತನಕ ಕೂತು ಬ್ಯಾಲೆನ್ಸ್ ಹೊಂದಿಸಿದವಳು ಒಬ್ಬಳು. ಬೆಳಿಗ್ಗೆ ಎಂಟಕ್ಕೆ ವೆಲ್‌ಡನ್ ಬೀಳುವುದು ಮನೆಗೆ ಐದೂವರೆಗೇ ಹೋದ ಹನ್ನೆರಡು ಮಂದಿಗೂ ಸೇರಿಸಿ. ಅವಳಿಗೆ ಏನೂ ಹೇಳದೆ ಇದ್ದಿದ್ದರೆ ಇಷ್ಟು ಉರಿಯುತ್ತಿರಲಿಲ್ಲ.

ಅವಳು ಎಂದೆ, ಬೇಕೆಂದೇ. ಸಮಾಜಶಾಸ್ತ್ರಜ್ಞೆ ಆರ್ಲಿ ಹಾಕ್‌ಶೀಲ್ಡ್ 1989ರಲ್ಲಿ ಗಂಡ ಹೆಂಡಿರ ಮನೆಗೆಲಸದ ಬಗ್ಗೆ ಬರೆಯುತ್ತ ಕೃತಜ್ಞತೆಗೂ ಒಂದು ಅರ್ಥವ್ಯವಸ್ಥೆ ಇದೆ ಎಂದಿದ್ದರು. ಯಾವುದು ಕರ್ತವ್ಯ, ಯಾವುದು ಉಡುಗೊರೆ ಎಂದು ನಾವು ಮೊದಲೇ ತೀರ್ಮಾನಿಸಿರುತ್ತೇವೆ. ಕರ್ತವ್ಯಕ್ಕೆ ವಂದನೆ ಇಲ್ಲ, ಉಡುಗೊರೆಗೆ ಮಾತ್ರ. ಗಂಡ ಬಟ್ಟೆ ಮಡಚಿಟ್ಟರೆ ಉಡುಗೊರೆ, ಹೆಂಡತಿ ಮಡಚಿಟ್ಟರೆ ಬಟ್ಟೆ ಮಡಚಿದ್ದು. ಕಚೇರಿಗೂ ಈ ಲೆಕ್ಕ ಹಾಗೇ ಬಂದಿದೆ. ಹುಟ್ಟುಹಬ್ಬಗಳ ಪಟ್ಟಿ ಇಡುವುದು, ಕೇಕ್ ತರಿಸುವುದು, ಹೊಸದಾಗಿ ಸೇರಿದ ಹುಡುಗನಿಗೆ ಬಾಡಿಗೆ ಮನೆ ಹುಡುಕಿಕೊಡುವುದು, ಹೆರಿಗೆ ರಜೆಯಲ್ಲಿರುವವಳನ್ನು ನೋಡಿ ಬರಲು ಎಲ್ಲರನ್ನೂ ಹೊರಡಿಸುವುದು: ಇದು ಬಹುಪಾಲು ಹೆಂಗಸರ ಪಾಲಿನ ಕೆಲಸ, ಅವರ ಸ್ವಭಾವ ಎಂದು ನಾವು ತಿಳಿದುಕೊಂಡಿದ್ದೇವೆ. ಮೇಲಧಿಕಾರಿ ಒಂದು ದಿನ ತಾನೇ ಎದ್ದು ಚಹಾದ ಲೋಟ ಎತ್ತಿಟ್ಟರೆ ಆ ಸುದ್ದಿ ಬೀಳ್ಕೊಡುಗೆ ಭಾಷಣದ ತನಕ ಬಾಳುತ್ತದೆ.

ಮಂಗಳೂರಿನ ಕಚೇರಿಗಳು ಪಕ್ಕದವರಿಗೆ ವಂದನೆ ಸಲ್ಲಿಸುವ ಒಂದು ದಾರಿ ಕಂಡುಕೊಂಡಿವೆ, ಅದು ಬಹಳ ಒಳ್ಳೆಯದು: ರಜೆ. ಆಸ್ಪತ್ರೆ, ಬಂದರು, ಕಾರ್ಖಾನೆಗಳಂಥ ಶಿಫ್ಟಿನ ಕಡೆ ಡ್ಯೂಟಿ ಹೊಂದಾಣಿಕೆ ಎಂಬುದು ದೊಡ್ಡ ನಾಣ್ಯ. ಸೆಪ್ಟೆಂಬರ್ 8ರಂದು ಮೊಂತಿ ಫೆಸ್ತ್‌ಗೆ ಕೆಥೋಲಿಕ್ ನರ್ಸ್ ಮನೆಯಲ್ಲಿ ಹೊಸ ಅಕ್ಕಿ ಊಟಕ್ಕೆ ಕೂರಬೇಕೆಂದರೆ ಅವಳ ವಾರ್ಡನ್ನು ಆ ದಿನ ಬೇರೆ ಯಾರೋ ನೋಡಿಕೊಳ್ಳುತ್ತಿರುತ್ತಾರೆ. ಅಷ್ಟಮಿಗೆ, ಚೌತಿಗೆ, ದೀಪಾವಳಿಗೆ, ಈದ್‌ಗೆ ಆ ನೋಡಿಕೊಂಡವರ ಸರದಿ. "ನಾಳೆ ನನ್ನ ಡ್ಯೂಟಿ ಒಂಚೂರು ನೋಡ್ಕೊಳ್ಳಿ ಆಯ್ತಾ" ಎಂಬ ಮಾತಿಗೆ ಪ್ರತಿಯಾಗಿ ಕೆಲವೊಮ್ಮೆ ಕೊಂಕಣಿಯ ವಂದನೆ "ದೇವ್ ಬರೆಂ ಕರುಂ" ಕೇಳಿಬರುತ್ತದೆ, ಹೆಚ್ಚಾಗಿ ಡಬ್ಬಿ ಬರುತ್ತದೆ. ಕ್ರಿಸ್ಮಸ್ಸಿನ ಮರುದಿನ ಕುಸ್ವಾರಿನ ಡಬ್ಬಿ ತೆರೆದರೆ ನೆವ್ರ್ಯೊ, ಕಿಡ್ಯೊ, ಗುಳಿಯೊ. ಅಷ್ಟಮಿಯ ಮರುದಿನ ಮೂಡೆ. ಈದ್‌ ಮುಗಿದರೆ ಬಿರಿಯಾನಿ, ಸಸ್ಯಾಹಾರಿಗಳಿಗೆಂದು ಬೇರೆಯೇ ಒಂದು ಪಾತ್ರೆ. ಯಾರ ಹಬ್ಬದ ದಿನ ಯಾರು ದುಡಿದರು ಎಂಬ ಲೆಕ್ಕ ಆ ಡಬ್ಬಿಗಳು ಹೋದ ದಾರಿಯಲ್ಲಿ ಸಿಗುತ್ತದೆ. ಮತ, ಜಾತಿಯ ಗಲಾಟೆಗಾಗಿ ಈ ಊರಿನ ಹೆಸರು ರಾಷ್ಟ್ರದ ಪತ್ರಿಕೆಗಳಲ್ಲಿ ಬಂದ ವಾರಗಳಲ್ಲೂ ವಾರ್ಡುಗಳ ಡ್ಯೂಟಿ ಚಾರ್ಟು ಹೀಗೆಯೇ ನಡೆದಿದೆ. ಸೌಹಾರ್ದದ ಭಾಷಣಗಳಿಗಿಂತ ನನಗೆ ಈ ಚಾರ್ಟಿನ ಮೇಲೆ ನಂಬಿಕೆ ಹೆಚ್ಚು. ಅದಕ್ಕೂ ಈಗ ಅಡ್ಡಿ ಬರುತ್ತಿರುವುದನ್ನು ಹೇಳಬೇಕು. ಶಿಫ್ಟನ್ನು ಸಾಫ್ಟ್‌ವೇರ್ ಹಂಚುವ ಕಡೆ ಹೊಂದಾಣಿಕೆಗೆ ಅನುಮತಿ ಕೇಳಬೇಕು, ಅನುಮತಿ ಕೊಡುವವರು ಬೆಂಗಳೂರಿನಲ್ಲಿ ಇರುತ್ತಾರೆ.

ಬ್ಯಾಂಕುಗಳ ಕತೆ ಹೇಳದೆ ಮಂಗಳೂರಿನ ಸಹೋದ್ಯೋಗದ ಬಗ್ಗೆ ಬರೆಯುವುದು ಆಗದ ಮಾತು. ಅಮ್ಮೆಂಬಳ ಸುಬ್ಬರಾವ್ ಪೈಗಳ ಕೆನರಾ ಬ್ಯಾಂಕ್ 1906ರಲ್ಲಿ ಇಲ್ಲಿ ಹುಟ್ಟಿತು. ಅದೇ ವರ್ಷ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಕಟ್ಟಿದ ಕಾರ್ಪೊರೇಶನ್ ಬ್ಯಾಂಕ್ ಮುಂದೆ ಮಂಗಳೂರನ್ನು ಕೇಂದ್ರ ಮಾಡಿಕೊಂಡಿತು. 1924ರಲ್ಲಿ ಕರ್ಣಾಟಕ ಬ್ಯಾಂಕ್, 1931ರಲ್ಲಿ ಎ.ಬಿ. ಶೆಟ್ಟರ ವಿಜಯ ಬ್ಯಾಂಕ್. ಈ ಬ್ಯಾಂಕುಗಳಲ್ಲಿ ಗುಮಾಸ್ತರಾಗಿ ಸೇರಿ ಜನರಲ್ ಮ್ಯಾನೇಜರಾಗಿ ಇಳಿದವರು, ಪಂಜಾಬಿನ ಶಾಖೆಯಲ್ಲಿ ಒಂದೇ ರೂಮಿನಲ್ಲಿ ಗಂಜಿ ಬೇಯಿಸಿಕೊಂಡವರು, ಸಾವಿರಾರು ಮಂದಿ ಈ ಊರಿನ ಫ್ಲ್ಯಾಟುಗಳಲ್ಲಿದ್ದಾರೆ. ವಿಜಯ ಬ್ಯಾಂಕ್ 2019ರ ಏಪ್ರಿಲ್ 1ರಂದು ಬ್ಯಾಂಕ್ ಆಫ್ ಬರೋಡದಲ್ಲಿ ಸೇರಿತು. ಮರುವರ್ಷ ಅದೇ ದಿನ ಕಾರ್ಪೊರೇಶನ್ ಬ್ಯಾಂಕ್ ಯೂನಿಯನ್ ಬ್ಯಾಂಕಿನಲ್ಲಿ, ಸಿಂಡಿಕೇಟ್ ಬ್ಯಾಂಕ್ ಕೆನರಾದಲ್ಲಿ ಸೇರಿಹೋದವು. 2020ರ ಏಪ್ರಿಲ್ 1 ಎಂದರೆ ಕೋವಿಡ್‌ನಿಂದ ದೇಶವೇ ಬೀಗ ಹಾಕಿಕೊಂಡು ಒಂದು ವಾರ ಆಗಿತ್ತು. ಸಭೆ ಸೇರುವಂತಿರಲಿಲ್ಲ. 114 ವರ್ಷದ ಸಂಸ್ಥೆಗೆ ಒಂದು ಶಾಲು ಹೊದೆಸಲೂ ಆಗದೆ, ಕಾರ್ಪೊರೇಶನ್ ಬ್ಯಾಂಕಿನ ಪಾಂಡೇಶ್ವರದ ಪ್ರಧಾನ ಕಚೇರಿ ಮಾರ್ಚ್ 31ರ ರಾತ್ರಿ ಪ್ರಧಾನ ಕಚೇರಿಯಾಗಿ ಉಳಿಯಲಿಲ್ಲ. ಸನ್ಮಾನದ ಆಡಂಬರವನ್ನು ಇಷ್ಟು ಹೊತ್ತು ಗೇಲಿ ಮಾಡಿದವನಿಗೆ ಇದೊಂದು ಪಾಠ: ಬೀಳ್ಕೊಡುಗೆಯೇ ಇಲ್ಲದೆ ಮುಗಿದದ್ದು ಎಷ್ಟು ಬರಿದಾಗಿ ಕಾಣುತ್ತದೆ ಎಂದು ಅಲ್ಲಿ ದುಡಿದವರನ್ನು ಕೇಳಿ ನೋಡಿ.

ಕೃತಜ್ಞತೆಯ ಬಗ್ಗೆ ಕಾರ್ಮಿಕ ಸಂಘದವರಿಗೆ ಮೊದಲಿನಿಂದಲೂ ಅನುಮಾನ, ಅದು ಸಕಾರಣ. ವಂದನೆ ಅಗ್ಗ, ಸಂಬಳ ತುಟ್ಟಿ. 2020ರ ಮಾರ್ಚ್ 22ರ ಸಂಜೆ ಐದಕ್ಕೆ ದೇಶವೆಲ್ಲ ಆರೋಗ್ಯ ಕಾರ್ಯಕರ್ತರಿಗಾಗಿ ಚಪ್ಪಾಳೆ, ತಟ್ಟೆ, ಶಂಖ ಬಾರಿಸಿತು. ಅದೇ ವರ್ಷದ ಜುಲೈನಲ್ಲಿ ಕರ್ನಾಟಕದ ಸುಮಾರು 42 ಸಾವಿರ ಆಶಾ ಕಾರ್ಯಕರ್ತೆಯರು ತಿಂಗಳಿಗೆ 12 ಸಾವಿರ ರೂಪಾಯಿ ಮತ್ತು ರಕ್ಷಣಾ ಸಾಮಗ್ರಿ ಕೊಡಿ ಎಂದು ಮುಷ್ಕರಕ್ಕೆ ಇಳಿದರು. 2022ರ ಮೇ 22ರಂದು ವಿಶ್ವ ಆರೋಗ್ಯ ಸಂಸ್ಥೆ ಭಾರತದ ಆಶಾಗಳನ್ನು ಗೌರವಿಸಿತು, ಜಗತ್ತೇ ಹೊಗಳಿತು. ಅವರಿಗೆ ಸಲ್ಲುವ ಹಣ ಇವತ್ತಿಗೂ ಸಂಬಳವಲ್ಲ, ಗೌರವಧನ. ಪೌರಕಾರ್ಮಿಕರದೂ ಹೀಗೆಯೇ. ರಾಜ್ಯದಲ್ಲಿ ಸೆಪ್ಟೆಂಬರ್ 23 ಅವರ ದಿನ. ಸಭೆ, ಸನ್ಮಾನ, ಆಟೋಟ, ಊಟ ನಡೆಯುತ್ತವೆ. 2022ರ ಜುಲೈ ಮೊದಲ ವಾರ ಅವರು ಕಾಯಮಾತಿಗಾಗಿ ರಾಜ್ಯದಾದ್ಯಂತ ಕಸ ಎತ್ತುವುದನ್ನು ನಿಲ್ಲಿಸಿದಾಗ ಸರಕಾರದ ಮನಸ್ಸು ಅಲುಗಿದಷ್ಟು ಯಾವ ಸೆಪ್ಟೆಂಬರ್ 23ರಂದೂ ಅಲುಗಿರಲಿಲ್ಲ.

ಕಾನೂನು ಈ ವಿಷಯದಲ್ಲಿ ಭಾವುಕವಲ್ಲ, ಅದು ಒಳ್ಳೆಯದೇ. ದೀಪಾವಳಿಯ ಖುಷಿಗೆ ದಣಿ ಕೊಡುತ್ತಿದ್ದ ಇನಾಮು 1965ರ ಬೋನಸ್ ಕಾಯಿದೆಯಲ್ಲಿ ಹಕ್ಕಾಯಿತು, ಅದರ ಕನಿಷ್ಠ ಪ್ರಮಾಣ ಮುಂದೆ ಶೇ. 8.33ಕ್ಕೆ ಏರಿತು. ದೀರ್ಘ ಸೇವೆಯ ನೆನಕೆಗೆಂದು ಕೊಡುತ್ತಿದ್ದ ಇಡಿಗಂಟು 1972ರ ಗ್ರಾಚ್ಯುಯಿಟಿ ಕಾಯಿದೆಯಲ್ಲಿ, ಐದು ವರ್ಷ ದುಡಿದವರಿಗೆ ವರ್ಷಕ್ಕೆ ಹದಿನೈದು ದಿನದ ವೇತನದಂತೆ, ಲೆಕ್ಕ ಹಾಕಿ ಕೇಳಬಹುದಾದ ಹಣವಾಯಿತು. ಹಕ್ಕಾಗಿ ಬದಲಾದದ್ದಕ್ಕೆ ಯಾರೂ ಯಾರಿಗೂ ಕೈಮುಗಿಯಬೇಕಿಲ್ಲ. ಸಹೋದ್ಯೋಗಿಗಳ ನಡುವಿನ ಮಾತು ಹಗುರವಾಗಿ, ನಿಜವಾಗಿ ಹೊರಡುವುದು ಹೀಗೆ ಹೊಟ್ಟೆಯ ಪ್ರಶ್ನೆ ಬಗೆಹರಿದ ಕಡೆ. ಸಂಬಳ ಬಾಕಿ ಇಟ್ಟುಕೊಂಡು ಕೃತಜ್ಞತಾ ಸಪ್ತಾಹ ನಡೆಸುವ ಸಂಸ್ಥೆಗಳಿಗೆ ಗ್ರಾಂಟ್, ಜೀನೊ ಅವರ ಅಂಕಿಅಂಶಗಳು ಅನ್ವಯಿಸುವುದಿಲ್ಲ.

ಇದನ್ನೆಲ್ಲ ಬರೆಯುವಾಗ ನನ್ನನ್ನು ಹೆಚ್ಚು ಕಾಡಿದವರು ಬೀಳ್ಕೊಡುಗೆಯ ಪಟ್ಟಿಗೇ ಬಾರದವರು. ಇವತ್ತು ಯಾವುದೇ ದೊಡ್ಡ ಕಚೇರಿಗೆ, ಆಸ್ಪತ್ರೆಗೆ ಹೋಗಿ: ಗೇಟಿನ ಸೆಕ್ಯುರಿಟಿ, ಹೌಸ್‌ಕೀಪಿಂಗ್, ಲಿಫ್ಟ್, ಡ್ರೈವರ್, ಡಾಟಾ ಎಂಟ್ರಿ, ಕ್ಯಾಂಟೀನ್. ಎಲ್ಲರೂ ಏಜೆನ್ಸಿಯವರು. ಕೊರಳಲ್ಲಿನ ಟ್ಯಾಗಿನ ಬಣ್ಣವೇ ಬೇರೆ. ಇವರಲ್ಲಿ ಹತ್ತು ಹದಿನೈದು ವರ್ಷ ಒಂದೇ ಕಟ್ಟಡದಲ್ಲಿ ದುಡಿದವರಿದ್ದಾರೆ. ಎರಡು ಸಲ ವರ್ಗವಾಗಿ ಬಂದ ಮ್ಯಾನೇಜರಿಗಿಂತ ಅವರಿಗೆ ಕಟ್ಟಡ ಚೆನ್ನಾಗಿ ಗೊತ್ತು. ಮಳೆಗಾಲದಲ್ಲಿ ರೆಕಾರ್ಡ್ ರೂಮಿನ ಯಾವ ಮೂಲೆ ಸೋರುತ್ತದೆ, ಕರೆಂಟು ಹೋದರೆ ಜನರೇಟರಿನ ಯಾವ ಬಟನ್ ಎರಡು ಸಲ ಒತ್ತಬೇಕು, ಎಲ್ಲ. ಟೆಂಡರ್ ಬದಲಾದ ತಿಂಗಳು ಅವರು ಇಲ್ಲ. ಶಾಲು ಬೇಡ, ಚಹಾವೂ ಇಲ್ಲ. ಬೆಳಿಗ್ಗೆ ಗೇಟಿನಲ್ಲಿ ಹೊಸ ಮುಖ ನಿಮ್ಮ ಐಡಿ ಕಾರ್ಡ್ ಕೇಳಿದಾಗಲೇ ಹಳಬರು ಹೋದದ್ದು ನಿಮಗೆ ತಿಳಿಯುವುದು. ಅವರು ಸಹೋದ್ಯೋಗಿಗಳೇ ಎಂಬ ಪ್ರಶ್ನೆಗೆ ಸಂಸ್ಥೆಯ ಕಾಗದ ಇಲ್ಲ ಎನ್ನುತ್ತದೆ. ಹದಿನೈದು ವರ್ಷ ದಿನಾ ಬೆಳಿಗ್ಗೆ "ಊಟ ಆಯ್ತಾ, ಚಹಾ ಆಯ್ತಾ" ಕೇಳಿಕೊಂಡವರು ಏನೆನ್ನಬೇಕು?

ಇಲ್ಲಿ ಮಾತು ಸಾಲದು, ಡಬ್ಬಿಯೂ ಸಾಲದು. 2025ರ ನವೆಂಬರ್ 21ರಂದು ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆ ನಿಗದಿತ ಅವಧಿಗೆ ನೇಮಕವಾದವರಿಗೆ ಒಂದು ವರ್ಷದ ಸೇವೆಗೂ ಗ್ರಾಚ್ಯುಯಿಟಿ ಸಿಗುವಂತೆ ಮಾಡಿದೆ. ಏಜೆನ್ಸಿ ಬದಲಾದಾಗಲೆಲ್ಲ ಸೇವೆಯ ಲೆಕ್ಕ ಮತ್ತೆ ಒಂದರಿಂದ ಶುರುವಾಗುವ ಸೆಕ್ಯುರಿಟಿಯವರ ಕೈಗೆ ಅದರಿಂದ ಎಷ್ಟು ಬಂದೀತು ಎಂಬುದು ಏಜೆನ್ಸಿಯವರು ಇಡುವ ಕಾಗದಪತ್ರದ ಮೇಲೆ ನಿಂತಿದೆ. ಆ ಕಾಗದಪತ್ರ ಸರಿಯಿದೆಯೇ, ಪಿಎಫ್ ಕಟ್ಟಿದ್ದಾರೆಯೇ ಎಂದು ನೋಡುವುದು ಕೆಲಸ ಮಾಡಿಸಿಕೊಂಡ ಕಚೇರಿಯ ಹೊಣೆ. ಬಿಲ್ಲಿಗೆ ಸಹಿ ಹಾಕುವ ಮೇಜಿನಲ್ಲಿ ಕೂತಿರುವವರೂ ನಮ್ಮ ಸಹೋದ್ಯೋಗಿಗಳೇ. ಅದಕ್ಕಿಂತ ಚಿಕ್ಕ ಕೆಲಸವೂ ಒಂದಿದೆ, ಅದಕ್ಕೆ ಟೆಂಡರ್ ಬೇಡ. ಈ ಕಟ್ಟಡದಲ್ಲಿ ಇಂತಿಷ್ಟು ವರ್ಷ ರಾತ್ರಿ ಪಾಳಿ ಮಾಡಿದ್ದಾರೆ, ಬೆಂಕಿ ನಂದಿಸುವ ಸಲಕರಣೆ ಬಳಸಲು ಗೊತ್ತು, ಒಂದು ದಿನವೂ ಗೇಟು ಬಿಟ್ಟು ಹೋದವರಲ್ಲ ಎಂದು ನಾಲ್ಕು ಸಾಲು ಬರೆದು, ಕೆಳಗೆ ಹೆಸರು ಮತ್ತು ಫೋನ್ ನಂಬರ್ ಹಾಕಿ ಸಹಿ ಮಾಡಿಕೊಡುವುದು. ಮುಂದಿನ ಗೇಟಿನಲ್ಲಿ ಸಂಬಳ ಮಾತಾಡುವಾಗ ಅವರು ಜೇಬಿನಿಂದ ತೆಗೆದು ತೋರಿಸಬಹುದಾದದ್ದು ಅದೊಂದೇ. ಅದನ್ನು ಟೆಂಡರ್ ಮುಗಿಯುವ ತಿಂಗಳಿಗೆ ಮೊದಲೇ ಬರೆದುಕೊಡಬೇಕು, ಆಮೇಲೆ ಅವರ ನಂಬರ್ ಯಾರ ಬಳಿಯೂ ಇರುವುದಿಲ್ಲ.